ಸಹಾಯ ಬೇಕು: ಒರ್ಹಾನ್ ಗೆಂಜೆಬಾಯ್ ಚಿತ್ರಗಳಲ್ಲಿ ಮಾತಿನ ದನಿ ಯಾರದು?

ಟರ್ಕಿಯ ಹಳೆಯ ಸಿನಿಮಾ ಬಲ್ಲವರು ಇಲ್ಲಿದ್ದರೆ ದಯವಿಟ್ಟು ನೆರವಾಗಿ. 1970ರ ದಶಕದ ಅರಬೆಸ್ಕ್ (ಅರಬ್ ಛಾಯೆಯ, ನೋವು ತುಂಬಿದ ಟರ್ಕಿಶ್ ಹಾಡುಗಳ ಶೈಲಿ) ಚಿತ್ರಗಳ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಬಡ ಗಾಯಕ, ಸಿರಿವಂತರ ಮಗಳು, ಇಸ್ತಾಂಬುಲ್, ಕೊನೆಗೆ ಧಾರಾಕಾರ ಕಣ್ಣೀರು. ಮುಂದೇನೆಂದು ಮೊದಲೇ ಗೊತ್ತಾಗುತ್ತದೆ, ಆದರೂ ಎದ್ದು ಹೋಗಲು ಮನಸ್ಸು ಬರುವುದಿಲ್ಲ. ರಾಜ್ ಕಪೂರ್ ಅವರ ‘ಆವಾರಾ’ವನ್ನು ಟರ್ಕಿಯ ಜನ ಏಕೆ ಅಷ್ಟು ಹಚ್ಚಿಕೊಂಡರೆಂದು ಈಗ ಅರ್ಥವಾಗುತ್ತಿದೆ.

ತೊಡಕು ದನಿಯದು. ಆಗಿನ ಯೆಶಿಲ್‌ಚಾಮ್ (ಟರ್ಕಿಯ ಜನಪ್ರಿಯ ಚಿತ್ರೋದ್ಯಮ) ಚಿತ್ರಗಳಲ್ಲಿ ಮೊದಲು ದೃಶ್ಯವನ್ನಷ್ಟೇ ಚಿತ್ರೀಕರಿಸಿ, ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸುವುದು ರೂಢಿ. ಎಷ್ಟೋ ತಾರೆಯರಿಗೆ ಬೇರೆ ಕಲಾವಿದರು ದನಿ ಕೊಡುತ್ತಿದ್ದರು. ನಟಿ ತುರ್ಕಾನ್ ಶೊರಾಯ್ ತೆರೆಯ ಮೇಲೆ ತುಟಿಯಾಡಿಸಿದ ಅನೇಕ ಹಾಡುಗಳನ್ನು ಹಾಡಿದವರು ಬೆಲ್ಕಿಸ್ ಒಝೆನೆರ್. ಹಿನ್ನೆಲೆ ಗಾಯನ ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ. ಆದರೆ ಅರಬೆಸ್ಕ್ ಚಿತ್ರಗಳ ನಾಯಕರಾದ ಒರ್ಹಾನ್ ಗೆಂಜೆಬಾಯ್, ಫೆರ್ದಿ ತಾಯ್‌ಫುರ್ ಸ್ವತಃ ಗಾಯಕರು; ಹಾಡಿನ ಕಂಠ ಅವರದೇ. ಮಾತಿನದು? ಹಾಡು ಮುಗಿದು ಸಂಭಾಷಣೆ ಶುರುವಾದ ಕೂಡಲೇ ನನ್ನ ಕಿವಿಗೆ ಬೇರೆ ಮನುಷ್ಯ ಕೇಳಿಸುತ್ತಾನೆ.

ಯೂಟ್ಯೂಬ್ ಪ್ರತಿಗಳಲ್ಲಿ ಹೆಸರುಗಳ ಪಟ್ಟಿ ಮಸುಕಾಗಿದೆ. ಗೆಂಜೆಬಾಯ್ ಅವರ ಈಚಿನ ಸಂದರ್ಶನಗಳ ಜೊತೆ ಹೋಲಿಸಿ ನೋಡಿದೆ, ವಯಸ್ಸಾದ ದನಿ ಹೊಂದುವುದಿಲ್ಲ. ಯಂತ್ರಾನುವಾದದಲ್ಲಿ ಟರ್ಕಿಶ್ ಲೇಖನಗಳನ್ನು ಓದಿದರೆ ‘ದನಿ ನೀಡಿದರು’ ಎಂದಷ್ಟೇ ಬರುತ್ತದೆ; ಹಾಡಿಗೋ ಮಾತಿಗೋ ತಿಳಿಯದು.

1971ರ ‘ಬಿರ್ ತೆಸೆಲ್ಲಿ ವೆರ್’ ಚಿತ್ರದಲ್ಲಿ ಗೆಂಜೆಬಾಯ್ ಅವರ ಸಂಭಾಷಣೆಗೆ ದನಿ ಕೊಟ್ಟವರು ಅವರೇನಾ, ಬೇರೆಯವರಾ? ಬೇರೆಯವರಾದರೆ ಯಾರು, ಅದನ್ನು ಯಾವ ಪುಸ್ತಕ ಅಥವಾ ಸಂದರ್ಶನದಲ್ಲಿ ಖಚಿತಪಡಿಸಿಕೊಳ್ಳಬಹುದು?