ಆರ್ಟ್ ಕೋರ್ಸ್ ಸಂದರ್ಶನಕ್ಕೆ ಫೋಲ್ಡರ್‌ನಲ್ಲಿ ಏನಿರಬೇಕು?

ಕೇಳಿದವರು: ನಾವಿರೋದು ಇಂಗ್ಲೆಂಡಿನಲ್ಲಿ. ಮಗಳಿಗೆ 16. ಜಿಸಿಎಸ್‌ಇ (16ರ ಹೊತ್ತಿಗೆ ಬರೆಯುವ ಶಾಲಾ ಪರೀಕ್ಷೆ) ಆದಮೇಲೆ ಎ ಲೆವೆಲ್ (ನಮ್ಮ ಪಿಯುಸಿಯಂಥದ್ದು) ಬೇಡ, ಹತ್ತಿರದ ಎಫ್‌ಇ ಕಾಲೇಜಿನಲ್ಲಿ (ಶಾಲೆ ಮುಗಿದವರಿಗೆ ವೃತ್ತಿ ಕೋರ್ಸ್ ಕಲಿಸುವ ಕಾಲೇಜು) ಆರ್ಟ್ ಅಂಡ್ ಡಿಸೈನ್ ಲೆವೆಲ್ 3 (ಎ ಲೆವೆಲ್ ಮಟ್ಟದ ಕೋರ್ಸ್) ಸೇರ್ತೀನಿ ಅಂತಿದ್ದಾಳೆ. ಸೆರಾಮಿಕ್ಸ್ (ಮಣ್ಣಿನಲ್ಲಿ ಮಾಡಿ ಸುಡುವ ಕೆಲಸ) ಅಂದ್ರೆ ಪ್ರಾಣ. ಸಂದರ್ಶನಕ್ಕೆ ಏನು ಒಯ್ಯಬೇಕು? ಸೇರಿದ ಮೇಲೆ ಮಕ್ಕಳು ಎಲ್ಲಿ ಎಡವುತ್ತಾರೆ?

ಉತ್ತರ 1: ಮೊದಲು ಅಂಕದ ವಿಷಯ. ಸಾಮಾನ್ಯವಾಗಿ ನಾಲ್ಕೈದು ಜಿಸಿಎಸ್‌ಇಗಳಲ್ಲಿ ಗ್ರೇಡ್ 4 ಕೇಳುತ್ತಾರೆ (ಗ್ರೇಡ್‌ಗಳಲ್ಲಿ 9 ಎಲ್ಲಕ್ಕಿಂತ ಮೇಲು). ಕಡಿಮೆ ಬಂದರೆ ಮೊದಲು ಒಂದು ವರ್ಷ ಒಂದು ಹಂತ ಕೆಳಗಿನ ಲೆವೆಲ್ 2. ಇಂಗ್ಲಿಷ್, ಗಣಿತದಲ್ಲಿ 4 ಬರದಿದ್ದರೆ ಆರ್ಟ್ ಜೊತೆಗೇ ಅವನ್ನೂ ಓದಬೇಕು. 16–18ರವರಿಗೆ ಸರ್ಕಾರವೇ ಬೋಧನಾ ಶುಲ್ಕ ಭರಿಸುತ್ತದೆ, ಆದರೆ ವೀಸಾ ಯಾವುದು ಅನ್ನೋದರ ಮೇಲೂ ಅರ್ಹತೆ ನಿಂತಿರುತ್ತದೆ. ಅರ್ಜಿ ಹಾಕುವಾಗಲೇ ವಿಚಾರಿಸಿ. ಸಾಮಗ್ರಿಗೆ ಬೇರೆ ದುಡ್ಡು ಕೇಳಬಹುದು.

ಉತ್ತರ 2: ಫೋಲ್ಡರ್‌ಗೆ 10–15 ಕೆಲಸ ಸಾಕು, ಜೊತೆಗೆ ಒಂದೆರಡು ಸ್ಕೆಚ್‌ಬುಕ್. ಅರ್ಧದಷ್ಟಾದರೂ ಕಣ್ಣೆದುರಿನ ವಸ್ತು ನೋಡಿ ಬರೆದ ಚಿತ್ರಗಳಿರಲಿ: ಶೂ, ಹೆಚ್ಚಿದ ಮೆಣಸಿನಕಾಯಿ, ತನ್ನದೇ ಕೈ. ಫೋಟೊ ನೋಡಿ ಅಚ್ಚುಕಟ್ಟಾಗಿ ನಕಲು ಮಾಡಿದ ಅನಿಮೆ ಮುಖಗಳು ಹತ್ತಿದ್ದರೂ ಒಂದೇ ಲೆಕ್ಕ, ಯಾಕೆಂದರೆ ಫೋಟೊದಲ್ಲಿ ಆಳವನ್ನು ಕ್ಯಾಮೆರಾ ಆಗಲೇ ಚಪ್ಪಟೆ ಮಾಡಿಬಿಟ್ಟಿರುತ್ತದೆ. ಇದ್ದಿಲಿನ ಚಿತ್ರಕ್ಕೆ ಮನೆಯ ಹೊರಗೆ, ಒಂದಡಿ ದೂರದಿಂದ ಫಿಕ್ಸೇಟಿವ್ (ಪುಡಿ ಉದುರದಂತೆ ಹಿಡಿದಿಡುವ ಸ್ಪ್ರೇ) ಹೊಡೆಯಿರಿ, ಇಲ್ಲದಿದ್ದರೆ ಪಕ್ಕದ ಹಾಳೆಗೆಲ್ಲ ಮಸಿ. ಸ್ಕೆಚ್‌ಬುಕ್ಕಿನಲ್ಲಿ ಕೆಟ್ಟ ಪುಟ ಹರಿಯಬೇಡಿ. ಯಾಕೆ ಕೆಟ್ಟಿತು ಅಂತ ಪಕ್ಕದಲ್ಲಿ ಒಂದು ಸಾಲು ಬರೆದರೆ ಸಂದರ್ಶನದಲ್ಲಿ ಮಾತು ಅಲ್ಲಿಂದಲೇ ಹೊರಡುತ್ತದೆ. ಕಲಾವಿದರ ಬಗ್ಗೆ ಬರೆಯುವಾಗ ಹುಟ್ಟಿದ ಊರು, ಇಸವಿ ಬೇಕಿಲ್ಲ. ಅವರಿಂದ ತಾನೇನು ತೆಗೆದುಕೊಂಡು ಪ್ರಯತ್ನಿಸಿದಳು ಅನ್ನೋದು ಬೇಕು.

ಉತ್ತರ 3: ಸೆರಾಮಿಕ್ಸ್ ಅಂದಿರಲ್ಲ, ಅಲ್ಲಿ ಎಡವೋದು ಕೈಯಲ್ಲಲ್ಲ, ಕ್ಯಾಲೆಂಡರಿನಲ್ಲಿ. ವರ್ಷದ ಕೊನೆಯ ಪ್ರಾಜೆಕ್ಟಿಗೆ ಎಲ್ಲರೂ ಒಟ್ಟಿಗೇ ಕಿಲ್ನ್ ಮುಂದೆ ಸಾಲು ನಿಲ್ಲುತ್ತಾರೆ (ನಮ್ಮ ಕುಂಬಾರರ ಆವಿಗೆಯೇ, ಇಲ್ಲಿ ಕರೆಂಟಿನದು). ಒಣಗಲು ಒಂದರಿಂದ ಎರಡು ವಾರ. ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಮೊದಲ ಸುಡುವಿಕೆ, ತಣಿಯೋದೂ ಸೇರಿ ಎರಡು ದಿನ. ಆಮೇಲೆ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ), ಸ್ಟೋನ್‌ವೇರ್ (ಹೆಚ್ಚು ಶಾಖಕ್ಕೆ ಸುಡುವ ಗಟ್ಟಿ ಮಣ್ಣು) ಆದರೆ 1220–1280ಕ್ಕೆ ಮತ್ತೊಮ್ಮೆ, ಮತ್ತೆ ಎರಡು ದಿನ. ಸಾಲಿನಲ್ಲಿ ಕಾಯೋದೂ ಸೇರಿದರೆ ಒಪ್ಪಿಸುವ ದಿನಕ್ಕೆ ನಾಲ್ಕು ವಾರ ಮೊದಲೇ ಮಣ್ಣಿನ ಕೆಲಸ ಮುಗಿದಿರಬೇಕು.

ಕಿಲ್ನ್‌ನೊಳಗೆ ಮಡಕೆ ಸಿಡಿದರೆ ಎಲ್ಲರೂ ಗಾಳಿಗುಳ್ಳೆಯನ್ನು ಬೈಯುತ್ತಾರೆ. ನಿಜವಾದ ಕಳ್ಳ ತೇವ: 100 ಡಿಗ್ರಿ ದಾಟುತ್ತಲೇ ಒಳಗಿನ ನೀರು ಆವಿಯಾಗಿ ಒಡೆದುಕೊಂಡು ಬರುತ್ತದೆ. ಮಡಕೆಯ ಗೋಡೆಯ ದಪ್ಪ 1 ಸೆಂ.ಮೀ. ಒಳಗಿರಲಿ, ಒಣಗಿದೆಯಾ ಅಂತ ಕೆನ್ನೆಗೆ ತಾಗಿಸಿ ನೋಡಲಿ. ತಣ್ಣಗಿದ್ದರೆ ಇನ್ನೂ ಹಸಿ. ಹಿಡಿ ಅಂಟಿಸುವಾಗ ಎರಡೂ ಕಡೆ ಗೀರಿ, ನಡುವೆ ಕಲಸಿದ ಮಣ್ಣಿನ ಗಂಜಿ ಹಚ್ಚಬೇಕು. ಎರಡರಲ್ಲೂ ತೇವ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಒಣಗುವಾಗ ಒಂದು ಹೆಚ್ಚು ಕುಗ್ಗಿ ಬುಡದಲ್ಲೇ ಬಿರುಕು. ಗ್ಲೇಜ್‌ನಲ್ಲಿ ಅದ್ದಿದ ಮೇಲೆ ತಳಕ್ಕೆ ಹತ್ತಿದ್ದನ್ನು ಸ್ಪಂಜಿನಿಂದ ಒರೆಸದಿದ್ದರೆ ಮಡಕೆ ಶೆಲ್ಫಿಗೆ ಅಂಟಿ ಕೂರುತ್ತದೆ, ಟೆಕ್ನೀಷಿಯನ್ ಕೋಪ ಬೇರೆ.

ಕೇಳಿದವರು: ತುಂಬಾ ಉಪಕಾರ. ಕುಗ್ಗುತ್ತೆ ಅಂದಿರಲ್ಲ, ಅಳತೆ ಹೇಗೆ ಹಿಡಿಯೋದು?

ಉತ್ತರ 3: ಹಸಿ ಮಣ್ಣಿನ ಪಟ್ಟಿ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆದು ಕೊನೆಯ ಶಾಖದವರೆಗೂ ಸುಡಿಸಲಿ. ಅದು 8.8ಕ್ಕೆ ಇಳಿದರೆ 12 ಶೇಕಡಾ ಕುಗ್ಗಿತು ಅಂತ. ಸುಟ್ಟ ಮೇಲೆ 10 ಬೇಕಾದರೆ 10ಕ್ಕೆ 12 ಶೇಕಡಾ ಕೂಡಿಸಬಾರದು, 0.88ರಿಂದ ಭಾಗಿಸಿ, ಸುಮಾರು 11.4 ಬರುತ್ತದೆ. ಮುಚ್ಚಳವನ್ನು ಮಡಕೆಯ ಜೊತೆಗೇ, ಅದೇ ಮಣ್ಣಿನಲ್ಲಿ ಮಾಡಿ, ಮಡಕೆ ಮೇಲಿಟ್ಟೇ ಒಣಗಿಸಲಿ.