ಆಲ್‌ವ್ಹೀಲ್ ಡ್ರೈವ್ ಗಾಡಿ ತಗೋಬೇಕು, ರೇಟು ಎಲ್ಲಿವರೆಗೆ ಇಳಿಸಬಹುದು? ಕಲಬುರಗಿ ಕಡೆಯವರು ಹೇಳಿ

ಕೇಳಿದವರು (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಅಪ್ಪ, ಅವ್ವ, ನಾವಿಬ್ಬರು, ಮಗಳು. ಹೊಲ ಚಿಂಚೋಳಿ ಕಡೆ. ಮಳೆಗಾಲದಲ್ಲಿ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದರೆ ಈಗಿರೋ ಸಣ್ಣ ಕಾರು ಅಲ್ಲೇ ಕೂತುಬಿಡುತ್ತೆ. ಅದಕ್ಕೇ ನಾಲ್ಕೂ ಗಾಲಿ ತಿರುಗೋ ಗಾಡಿ ನೋಡ್ತಿದ್ದೇವೆ. ಶೋರೂಮ್‌ನಲ್ಲಿ ಕೇಳಿದರೆ "ಈ ವೇರಿಯಂಟ್‌ಗೆ ಡಿಸ್ಕೌಂಟ್ ಇಲ್ಲ ಸರ್, ಮ್ಯಾಟ್ ಫ್ರೀ ಕೊಡ್ತೀವಿ" ಅಂತಾರೆ. ನ್ಯಾಯವಾದ ರೇಟು ಯಾವುದು ಅಂತ ತಿಳಿಯೋದು ಹೇಗೆ? ಹೈದರಾಬಾದಿಗೆ ಹೋಗಿ ತರೋದು ವಾಸಿನಾ? ತಗೊಂಡವರು ಸ್ವಲ್ಪ ಹೇಳಿ.

ಸೇಡಂ ರಸ್ತೆಯವರು:
ಅಣ್ಣಾ, ಡಿಸ್ಕೌಂಟ್ ಎಷ್ಟು ಅಂತ ಕೇಳೋದನ್ನು ಮೊದಲು ಬಿಡಿ. ಕೇಳಿದ ಕೂಡಲೇ ಮಾತು ಮ್ಯಾಟು, ಸೀಟ್ ಕವರು, ಮಡ್‌ಫ್ಲಾಪ್ ಕಡೆ ಹೊರಳುತ್ತೆ. ಗಾಡಿ ಗೇಟು ದಾಟೋ ಹೊತ್ತಿಗೆ ನನ್ನ ಕೈಯಿಂದ ಒಟ್ಟು ಎಷ್ಟು ಹೋಗುತ್ತೆ ಅಂತ ಕೇಳಿ. ಅದನ್ನು ಸಾಲು ಸಾಲಾಗಿ ಬಿಡಿಸಿ, ಸಹಿ ಹಾಕಿಸಿಕೊಂಡು ಬನ್ನಿ. ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಲ್ಲಿ ಗೀಚಿ ಕೊಡ್ತಾರಲ್ಲ, ಅದು ಕೊಟೇಶನ್ ಅಲ್ಲ.

ಎಕ್ಸ್‌ಶೋರೂಮ್ ಬೆಲೆ ಅಂದರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ ಗಾಡಿ ಬೆಲೆ, ಅದು ಕಂಪನಿ ಇಟ್ಟಿದ್ದು. ರೋಡ್ ಟ್ಯಾಕ್ಸ್ ಸರ್ಕಾರದ್ದು. ಇವೆರಡರ ಕೆಳಗೆ ಬರೆದಿರೋದೆಲ್ಲ ಮಾತಾಡೋ ಜಾಗ. ನನಗೆ ಎಕ್ಸ್‌ಶೋರೂಮ್‌ನಲ್ಲಿ ಒಂದು ರೂಪಾಯಿನೂ ಬಿಡಲಿಲ್ಲ. ಆದರೆ ಇನ್ಶೂರೆನ್ಸ್, ಹ್ಯಾಂಡ್ಲಿಂಗ್ (ಗಾಡಿ ತರಿಸಿ ಇಟ್ಟಿದ್ದಕ್ಕೆ ಅಂತ ಶೋರೂಮ್‌ನವರು ಹಾಕೋದು), ಆಕ್ಸೆಸರಿ ಕಿಟ್ ಅಂತ ಇದ್ದ ಸಾಲುಗಳಲ್ಲೇ ಅರವತ್ತು ಸಾವಿರದ ಹತ್ತಿರ ಇಳಿಯಿತು.

ಜಾಸ್ತಿ ಇಳಿದಿದ್ದು ಇನ್ಶೂರೆನ್ಸ್‌ನಲ್ಲಿ. ಶೋರೂಮ್‌ನಲ್ಲೇ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ. ಹೊಸ ಕಾರಿಗೆ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ನಷ್ಟದ ಪಾಲು) ಮಾತ್ರ 3 ವರ್ಷದ್ದು ಕಡ್ಡಾಯ, 2018ರ ಸೆಪ್ಟೆಂಬರ್‌ನಿಂದ. ನಮ್ಮ ಗಾಡಿಗೆ ಆಗೋ ಡ್ಯಾಮೇಜಿನ ಪಾಲು ಒಂದು ವರ್ಷಕ್ಕೆ ಸಾಕು. ಹೊರಗೆ ರೇಟು ಕೇಳುವಾಗ ಐಡಿವಿ (ಗಾಡಿ ಪೂರ್ತಿ ಹೋದರೆ ಸಿಗೋ ಮೊತ್ತ) ಶೋರೂಮ್‌ನವರು ಹಾಕಿದಷ್ಟೇ ಇರಲಿ, ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡೋದು) ಇರಲಿ, ಎಂಜಿನ್ ಪ್ರೊಟೆಕ್ಷನ್ ಇರಲಿ. ಹಳ್ಳದಲ್ಲಿ ನೀರು ಹೊಕ್ಕರೆ ಬೇಕಾಗೋದು ಅದೇ. ಐಡಿವಿ ಕಡಿಮೆ ಮಾಡಿ ಪ್ರೀಮಿಯಂ ಕಡಿಮೆ ತೋರಿಸೋ ಆಟಕ್ಕೆ ಬೀಳಬೇಡಿ. ಫೋನಿನಲ್ಲಿ ಬಂದ ರೇಟು ತೋರಿಸಿದೆ. ಮ್ಯಾನೇಜರ್ ಒಳಗೆ ಹೋಗಿ ಬಂದು "ಅದೇ ರೇಟಿಗೆ ನಾವೇ ಕೊಡ್ತೀವಿ" ಅಂದರು. ಮೊದಲೇ ಕೊಡೋಕೆ ಏನಾಗಿತ್ತೋ!

ಆಳಂದದವರು:
ಗಾಡಿ ರೇಟಿಗಿಂತ ಮೊದಲು ಒಂದು ಮಾತು. ಹಸಿ ಎರೆಯಲ್ಲಿ ಟೈರಿನ ಗೀರೆಲ್ಲ ಮಣ್ಣಿನಿಂದ ಮುಚ್ಚಿಹೋದರೆ ನಾಲ್ಕು ಗಾಲಿ ತಿರುಗಿದರೂ ಅಷ್ಟೇ, ಎರಡು ತಿರುಗಿದರೂ ಅಷ್ಟೇ. ಟ್ರ್ಯಾಕ್ಟರ್ ಕರೀಬೇಕು. ಜಾರೋ ರಸ್ತೆ, ಮೊರಂ ದಾರಿ, ಸಣ್ಣ ಹಳ್ಳ ಅಂದರೆ ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್, ಹೈರೈಡರ್ ತರಹದ್ದು ಸಾಕು. ನಿಜವಾಗಿ ಕೆಸರಿಗೇ ಇಳೀತೀರಿ ಅಂದರೆ ಲೋ ಗೇರ್ (ನಿಧಾನಕ್ಕೆ ಜೋರಾಗಿ ಎಳೆಯೋ ಗೇರು) ಇರೋ ಸ್ಕಾರ್ಪಿಯೋ ಎನ್ ಫೋರ್ ಬೈ ಫೋರ್ ಅಥವಾ ಥಾರ್ ರಾಕ್ಸ್ ನೋಡಿ. ಯಾವುದು ಬೇಕು ಅಂತ ಮನಸ್ಸಲ್ಲಿ ಗಟ್ಟಿ ಮಾಡಿಕೊಂಡು ಒಳಗೆ ಹೋಗಿ. ಇಲ್ಲಾಂದ್ರೆ ಅವರ ಹತ್ತಿರ ಯಾವುದು ನಿಂತಿದೆಯೋ ಅದನ್ನೇ ನಿಮ್ಮ ತಲೆಗೆ ಕಟ್ಟುತ್ತಾರೆ.

ಮೊದಲು ಶೋರೂಮ್ ಬಿಲ್ಲಿಂಗ್‌ನಲ್ಲಿದ್ದವರು:
ಸೇಡಂ ರಸ್ತೆ ಅಣ್ಣನ ಮಾತಿಗೆ ಸ್ವಲ್ಪ ಸೇರಿಸ್ತೀನಿ. ಎಕ್ಸ್‌ಶೋರೂಮ್ ಇಳಿಯೋದೇ ಇಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಇಳಿಯೋ ಗಾಡಿ ಬೇರೆ, ಇಳಿಯದ ಗಾಡಿ ಬೇರೆ.

ನಮ್ಮ ಕಡೆ ಗುಡ್ಡ ಬೆಟ್ಟ ಇಲ್ಲ. ಆಲ್‌ವ್ಹೀಲ್ ಡ್ರೈವ್ ಕೇಳೋರೇ ಕಡಿಮೆ. ಹಾಗಾಗಿ ಶೋರೂಮ್‌ನವರು ಅದನ್ನು ತಂದು ಇಟ್ಟುಕೊಳ್ಳಲ್ಲ, ನೀವು ಬುಕ್ ಮಾಡಿದ ಮೇಲೆ ಕಂಪನಿಗೆ ಹೇಳ್ತಾರೆ. ಹಾಗೆ ತರಿಸೋ ಗಾಡಿಗೆ ರೇಟು ಇಳಿಸೋಕೆ ಅವರಿಗೆ ಕಾರಣವೇ ಇಲ್ಲ. ಆದರೆ ಯಾರೋ ಬುಕ್ ಮಾಡಿ ರದ್ದು ಮಾಡಿದ್ದು, ಇಲ್ಲಾ ಕಂಪನಿಯವರೇ ಒತ್ತಾಯ ಮಾಡಿ ಕಳಿಸಿದ್ದು ಯಾರ್ಡಿನಲ್ಲಿ ನಿಂತಿರುತ್ತೆ. ಆ ಗಾಡಿಯನ್ನೂ ಶೋರೂಮ್‌ನವರು ಬ್ಯಾಂಕಿನ ಸಾಲದಲ್ಲೇ ತಂದಿರ್ತಾರೆ. ದಿನಾ ಬಡ್ಡಿ ಓಡುತ್ತಿರುತ್ತೆ. ಆಗ ಮಾತು ನಿಮ್ಮ ಕೈಯಲ್ಲಿ.

ಯಾವುದು ನಿಂತಿದೆ ಅಂತ ತಿಳಿಯೋದು ಸುಲಭ. "ಬಿಳಿ ಬಣ್ಣ ಆದರೆ ನಾಳೆನೇ ಕೊಡ್ತೀವಿ, ಬೇರೆ ಬಣ್ಣ ಆದರೆ ಎರಡು ತಿಂಗಳು" ಅಂದರೆ ಬಿಳಿದು ನಿಂತಿದೆ ಅಂತಲೇ ಅರ್ಥ. ಚಾಸಿ ನಂಬರ್ ಕೇಳಿ. ಅದರಲ್ಲಿರೋ 17 ಅಕ್ಷರ, ಅಂಕಿಗಳಲ್ಲಿ ತಯಾರಾದ ವರ್ಷದ ಗುರುತು ಇರುತ್ತೆ. ತಿಂಗಳನ್ನೂ ಬರೆದುಕೊಡಿ ಅನ್ನಿ. ಹೆಂಗಿದ್ದರೂ ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ವರ್ಷ ಬಂದೇ ಬರುತ್ತೆ, ಮುಚ್ಚಿಡೋಕೆ ಆಗಲ್ಲ. ಜನವರಿ ಬಂದರೆ ನವೆಂಬರ್ ಗಾಡಿನೂ ಹೋದ ವರ್ಷದ್ದು ಅಂತಲೇ ಲೆಕ್ಕ. ಮುಂದೆ ಮಾರುವಾಗ ಆ ಒಂದು ವರ್ಷದ ನಷ್ಟ ನಿಮ್ಮದು. ಅದನ್ನು ಈಗಲೇ ರೇಟಿನಲ್ಲಿ ಕೇಳಿ, ಮುಲಾಜು ಬೇಡ.

ಇನ್ನು ಸಮಯ. ನಮ್ಮಲ್ಲಿ ಆಷಾಢದಲ್ಲಿ ಶೋರೂಮ್ ಖಾಲಿ. ತೊಗರಿ ರಾಶಿ ಮುಗಿದು ಕೈಗೆ ದುಡ್ಡು ಬಂದಾಗ, ದಸರಾ, ದೀಪಾವಳಿಯಲ್ಲಿ ನಿಲ್ಲೋಕೆ ಜಾಗ ಇರಲ್ಲ. ಆಷಾಢದ ಕೊನೆಯಲ್ಲಿ ರೇಟು ಕುದುರಿಸಿ ಬುಕ್ ಮಾಡಿ. ಶ್ರಾವಣದಲ್ಲಿ ಗಾಡಿ ತಗೊಂಡು ಶರಣಬಸವೇಶ್ವರ ಗುಡಿಗೆ ಹೋಗಿ ಪೂಜೆ ಮಾಡಿಸಿ, ಯಾರು ಬೇಡ ಅಂತಾರೆ? ತಿಂಗಳ ಕೊನೆಯ ವಾರವೂ ಒಳ್ಳೆಯದು. ಟಾರ್ಗೆಟ್‌ಗೆ ಒಂದು ಗಾಡಿ ಕಮ್ಮಿ ಇದ್ದರೆ ಮ್ಯಾನೇಜರ್ ತಾನೇ ಫೋನ್ ಮಾಡ್ತಾನೆ.

ಯಾದಗಿರಿಯವರು:
ಹೈದರಾಬಾದ್ ವಿಷಯ ಹೇಳ್ತೀನಿ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಎಕ್ಸ್‌ಶೋರೂಮ್ ಬೆಲೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ರೋಡ್ ಟ್ಯಾಕ್ಸ್‌ನಲ್ಲಿ. ಅದನ್ನು ಕಟ್ಟೋದು ಗಾಡಿ ರಿಜಿಸ್ಟರ್ ಆಗೋ ಕಡೆ. ನಿಮ್ಮದು ಕೆಎ 32 (ಕಲಬುರಗಿ ನಂಬರ್) ಆಗಬೇಕು ಅಂದರೆ ಟ್ಯಾಕ್ಸ್ ಕರ್ನಾಟಕದ್ದೇ. ಸೊಲ್ಲಾಪುರದಲ್ಲಿ ಟ್ಯಾಕ್ಸ್ ಕಮ್ಮಿ ಅಂತ ಯಾರಾದರೂ ಅಂದರೆ ಅದು ಅಲ್ಲಿನವರಿಗೆ. ಆದರೆ ಹೈದರಾಬಾದಿನಲ್ಲಿ ಡೀಲರ್‌ಗಳು ಜಾಸ್ತಿ, ಅವರೊಳಗೇ ಪೈಪೋಟಿ. ಅಲ್ಲಿಂದ ಫೋನಿನಲ್ಲೇ ಕೊಟೇಶನ್ ತರಿಸಿ ಇಲ್ಲಿ ಟೇಬಲ್ ಮೇಲೆ ಇಡಿ. ನಾನು ಮಾಡಿದ್ದು ಇಷ್ಟೇ. ಗಾಡಿ ಇಲ್ಲೇ ತಗೊಂಡೆ.

ಬೀದರ್ ಅಕ್ಕ:
ನೀವು ಹಳೇ ಕಾರು ಎಕ್ಸ್‌ಚೇಂಜ್ ಮಾಡ್ತೀರಾ? ಹಾಗಿದ್ದರೆ ಹೊಸ ಗಾಡಿಯ ರೇಟು ಪೂರ್ತಿ ಮುಗಿಯೋವರೆಗೆ ಹಳೇದರ ಮಾತೇ ಎತ್ತಬೇಡಿ. ಎರಡೂ ಒಟ್ಟಿಗೆ ಮಾತಾಡಿದರೆ ಇಲ್ಲಿ ಇಪ್ಪತ್ತು ಸಾವಿರ ಕೊಟ್ಟು ಅಲ್ಲಿ ಮೂವತ್ತು ಕಿತ್ತುಕೊಳ್ತಾರೆ, ಲೆಕ್ಕವೇ ಸಿಗಲ್ಲ. ಹಳೇ ಗಾಡಿಗೆ ಹೊರಗೆ ಎಷ್ಟು ಬರುತ್ತೆ ಅಂತ ಮೊದಲೇ ತಿಳ್ಕೊಂಡಿರಿ.

ಸಾಲದ ವಿಷಯನೂ ಹಾಗೇ. "ತಿಂಗಳಿಗೆ ಕಂತು ಎಷ್ಟು ಆದರೆ ನಡೆಯುತ್ತೆ ಮೇಡಂ?" ಅಂತ ಕೇಳ್ತಾರೆ. ಉತ್ತರ ಕೊಡಬೇಡಿ. ಕಂತು ಎಷ್ಟು ಬೇಕಾದರೂ ಸಣ್ಣದು ಮಾಡಬಹುದು, 7 ವರ್ಷಕ್ಕೆ ಎಳೆದರೆ ಆಯ್ತು. ನಮ್ಮ ಮನೆಯವರ ಸಂಬಳ ಬರೋ ಬ್ಯಾಂಕಿನಲ್ಲೇ ಮೊದಲು ಬಡ್ಡಿ, ಪ್ರೊಸೆಸಿಂಗ್ ಫೀ ಎರಡೂ ಕೇಳಿಕೊಂಡು ಹೋಗಿದ್ದೆವು. ಶೋರೂಮ್‌ನಲ್ಲಿ ಕೂತಿದ್ದ ಫೈನಾನ್ಸ್ ಹುಡುಗ ಅದನ್ನು ಕೇಳಿ ಸುಮ್ಮನಾದ.

ಬೀದರ್ ಮೇಷ್ಟ್ರು:
ಒಂದು ಲೆಕ್ಕ ನೋಡಿ. ನಮ್ಮ ರಾಜ್ಯದಲ್ಲಿ ಗಾಡಿ ಬೆಲೆ 10ರಿಂದ 20 ಲಕ್ಷದವರೆಗೆ ಇದ್ದರೆ ಜೀವಾವಧಿ ತೆರಿಗೆ, ಅಂದರೆ ರೋಡ್ ಟ್ಯಾಕ್ಸ್, 17%. 20 ಲಕ್ಷ ದಾಟಿದರೆ 18%, ಅದೂ ಪೂರ್ತಿ ಬೆಲೆಯ ಮೇಲೆ. 19,90,000ಕ್ಕೆ ತೆರಿಗೆ 3,38,300. 20,10,000ಕ್ಕೆ 3,61,800. ಅಂದರೆ ಗಾಡಿ ಬೆಲೆ 20 ಸಾವಿರ ಏರಿದರೆ ತೆರಿಗೆಯೇ 23,500 ಏರುತ್ತೆ. ಆ ತೆರಿಗೆ ಮೇಲೆ 11% ಸೆಸ್ ಬೇರೆ. ಸನ್‌ರೂಫ್ ಆಸೆಗೆ ಮೇಲಿನ ವೇರಿಯಂಟ್‌ಗೆ ಹೋಗೋ ಮುಂಚೆ ಈ ಗೆರೆ ಎಲ್ಲಿದೆ ನೋಡಿಕೊಳ್ಳಿ.

10 ಲಕ್ಷ ದಾಟಿದ ಗಾಡಿಗೆ 1% ಟಿಸಿಎಸ್ (ಮಾರುವವರೇ ಹಿಡಿದು ಸರ್ಕಾರಕ್ಕೆ ಕಟ್ಟೋ ಆದಾಯ ತೆರಿಗೆ) ಅಂತನೂ ಹಿಡೀತಾರೆ. ಅದು ಖರ್ಚಲ್ಲ. ಪ್ಯಾನ್ ನಂಬರ್ ಸರಿಯಾಗಿ ಕೊಟ್ಟರೆ ನಿಮ್ಮ ಹೆಸರಿಗೆ ಜಮಾ ಆಗುತ್ತೆ, ರಿಟರ್ನ್ ಹಾಕುವಾಗ ವಾಪಸ್ ಕೇಳಬಹುದು. ಅದನ್ನು ಬಿಟ್ಟುಕೊಡ್ತೀವಿ ಅಂತ ಯಾರಾದರೂ ದೊಡ್ಡಸ್ತಿಕೆ ತೋರಿಸಿದರೆ ನಕ್ಕು ಸುಮ್ಮನಿರಿ.

ಹುಮನಾಬಾದ್‌ನವರು:
ಸೆಕೆಂಡ್ ಹ್ಯಾಂಡ್ ನೋಡಿದ್ದೀರಾ? ಹಳೇ ಡಸ್ಟರ್ ಆಲ್‌ವ್ಹೀಲ್ ಡ್ರೈವ್, ಎಕ್ಸ್‌ಯುವಿ 700 ಡೀಸೆಲ್ ಆಟೋಮ್ಯಾಟಿಕ್‌ನಲ್ಲಿ ಆಲ್‌ವ್ಹೀಲ್ ಡ್ರೈವ್ ಇರೋದು ಸಿಗುತ್ತವೆ. ಮಾರೋರು 2024ರ ಬಿಲ್ ತೋರಿಸಿ "ಇಷ್ಟಕ್ಕೆ ತಂದಿದ್ದು ನೋಡ್ರೀ" ಅಂತಾರೆ. ಆ ಬಿಲ್ ಈಗ ಲೆಕ್ಕಕ್ಕೆ ಬರಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಜಿಎಸ್‌ಟಿ ಸೆಸ್ ಸೇರಿ 50% ಇದ್ದದ್ದು 40%ಗೆ ಇಳೀತು. ಆಗ 20 ಲಕ್ಷ ಇದ್ದ ಗಾಡಿ ಬೆಲೆ ತೆರಿಗೆಯಿಂದಲೇ ಸುಮಾರು 1 ಲಕ್ಷ 33 ಸಾವಿರ ಇಳಿದ ಹಾಗೆ. ಇವತ್ತಿನ ಹೊಸ ಗಾಡಿಯ ರೇಟು ಹಿಡಿದು ಅಲ್ಲಿಂದ ಕೆಳಗೆ ಬನ್ನಿ.

ನಾಲ್ಕೂ ಟೈರ್ ಒಂದೇ ಕಂಪನಿದಾ, ಒಂದೇ ಸಮ ಸವೆದಿದೆಯಾ ನೋಡಿ. ಮುಂದೆ ಹೊಸದು, ಹಿಂದೆ ಬೋಳು ಇದ್ದರೆ ಆಲ್‌ವ್ಹೀಲ್ ಡ್ರೈವ್ ಸಿಸ್ಟಮ್ ಮೇಲೆ ಭಾರ ಬಿದ್ದಿರುತ್ತೆ. ನಾಲ್ಕು ಟೈರಿನ ದುಡ್ಡು ರೇಟಿನಲ್ಲಿ ಕಳೀರಿ. ಹೊರ ರಾಜ್ಯದ ನಂಬರ್ ಇದ್ದರೆ ಎನ್‌ಒಸಿ (ಅಲ್ಲಿನ ಆರ್‌ಟಿಓ ಕೊಡೋ ಒಪ್ಪಿಗೆ ಪತ್ರ), ಮತ್ತೆ ಇಲ್ಲಿನ ಟ್ಯಾಕ್ಸ್, ಆ ಓಡಾಟ ಎಲ್ಲ ಸೇರಿಸಿ ನೋಡಿ. ಅಗ್ಗ ಅನ್ನಿಸಿದ್ದು ಅಗ್ಗ ಇರಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹೊಸದೇ ತಗೊಳ್ಳೋಣ ಅಂತ ಮನೆಯಲ್ಲಿ ತೀರ್ಮಾನ ಆಯ್ತು. ಇವತ್ತು ಬರೆಸಿಕೊಂಡು ಬಂದೆ. ಎಕ್ಸ್‌ಶೋರೂಮ್ 18,90,000. ಆರ್‌ಟಿಓ 3,75,000. ಟಿಸಿಎಸ್ 18,900. ಇನ್ಶೂರೆನ್ಸ್ 92,000. ಹ್ಯಾಂಡ್ಲಿಂಗ್ 14,500. ಕಿಟ್ 28,000. ಎಕ್ಸ್‌ಟೆಂಡೆಡ್ ವಾರಂಟಿ 34,000. ಬಿಳಿ ಗಾಡಿ, ಯಾರ್ಡಿನಲ್ಲೇ ಇದೆಯಂತೆ!

ಮೊದಲು ಶೋರೂಮ್ ಬಿಲ್ಲಿಂಗ್‌ನಲ್ಲಿದ್ದವರು:
ಆರ್‌ಟಿಓ ಸಾಲು ನೋಡಿ. 18,90,000ಕ್ಕೆ 17% ಅಂದರೆ 3,21,300. ಅದರ ಮೇಲೆ 11% ಸೆಸ್ 35,343. ಸೇರಿ 3,56,643. ರಿಜಿಸ್ಟ್ರೇಷನ್ ಫೀ 600, ಸಾಲ ಇದ್ದರೆ ಹೈಪಾಥಿಕೇಶನ್ (ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಕೋದು) 1,500, ಕಾರ್ಡಿಗೆ 200. ಸಣ್ಣಪುಟ್ಟದ್ದೆಲ್ಲ ಸೇರಿಸಿದರೂ 3 ಲಕ್ಷ 60 ಸಾವಿರದ ಆಸುಪಾಸು. ಮಿಕ್ಕ 15 ಸಾವಿರ ಏನು ಅಂತ ಕೇಳಿ, ಆರ್‌ಟಿಓ ರಸೀದಿ ಎಷ್ಟಕ್ಕೆ ಬರುತ್ತೋ ಅಷ್ಟೇ ಕೊಡ್ತೀನಿ ಅನ್ನಿ. ಹ್ಯಾಂಡ್ಲಿಂಗ್ ಸರ್ಕಾರದ ಫೀ ಅಲ್ಲ, ತೆಗೆಸಿ. ಕಿಟ್‌ನಲ್ಲಿ ಮಡ್‌ಫ್ಲಾಪ್ ಒಂದು ಇಟ್ಟುಕೊಂಡು ಬಾಕಿ ಬೇಡ ಅನ್ನಿ, ಮ್ಯಾಟ್ ಹೊರಗೆ ಅರ್ಧಕ್ಕೆ ಸಿಗುತ್ತೆ. ವಾರಂಟಿ ಮಾತ್ರ ನನ್ನ ಕೇಳಿದರೆ ತಗೊಳ್ಳಿ. ಈ ಗಾಡಿಗಳಲ್ಲಿ ಕೆಡೋ ಭಾಗಗಳು ಜಾಸ್ತಿ, ರಿಪೇರಿ ದುಬಾರಿ. ಈಗಲೇ ತಗೋಬೇಕು ಅಂತೇನಿಲ್ಲ, ಕಂಪನಿ ವಾರಂಟಿ ಮುಗಿಯೋ ಮೊದಲು ತಗೊಂಡರೂ ನಡೆಯುತ್ತೆ. ಆದರೆ ತಡ ಮಾಡಿದಷ್ಟು ರೇಟು ಏರಬಹುದು.

ಇದೆಲ್ಲ ಆದ ಮೇಲೆ ಎಕ್ಸ್‌ಶೋರೂಮ್ ಮಾತು ತೆಗೀರಿ. ಗಾಡಿ ನಿಂತಿದೆ ಅಂದರಲ್ಲ, ಅಲ್ಲೇ ಹಿಡೀರಿ.

ಕೇಳಿದವರು:
ಬುಕಿಂಗ್‌ಗೆ 50 ಸಾವಿರ ಕೇಳ್ತಿದ್ದಾರೆ. ಕೊಟ್ಟುಬಿಡಲಾ?

ಸೇಡಂ ರಸ್ತೆಯವರು:
ಗಾಡಿ ನೋಡದೆ ಕೊಡಬೇಡಿ ಅಣ್ಣಾ. ಯಾರ್ಡಿಗೆ ಹೋಗಿ, ಹಗಲು ಹೊತ್ತಿನಲ್ಲಿ. ಕಿಲೋಮೀಟರ್ ಎಷ್ಟು ಓಡಿದೆ, ಬಾನೆಟ್ ಒಳಗೆ ಇಲಿ ಕಡಿದ ಗುರುತು ಇದೆಯಾ, ಪೇಂಟ್ ಎಲ್ಲಾದರೂ ಬೇರೆ ಛಾಯೆ ಇದೆಯಾ ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತೆ. 3225 ಅಂತ ಇದ್ದರೆ 2025ರ 32ನೇ ವಾರದ ಟೈರು. ಐದನೇ ಟೈರೂ ನೋಡಿ, ಸ್ಟೆಪ್ನಿ ಬದಲಾಯಿಸಿರೋ ಸಾಧ್ಯತೆ ಇರುತ್ತೆ. ಎಲ್ಲ ಸರಿ ಇದ್ದರೆ ಆ ಚಾಸಿ ನಂಬರ್, ಒಪ್ಪಿದ ಒಟ್ಟು ಮೊತ್ತ, ರದ್ದು ಮಾಡಿದರೆ ಪೂರ್ತಿ ವಾಪಸ್ ಅನ್ನೋ ಸಾಲು, ಮೂರೂ ರಸೀದಿಯಲ್ಲಿ ಬರೆಸಿ. ದುಡ್ಡು ನಗದಾಗಿ ಬೇಡ, ಶೋರೂಮಿನ ಖಾತೆಗೇ ಹಾಕಿ. ಸೇಲ್ಸ್ ಹುಡುಗನ ನಂಬರಿಗಂತೂ ಬೇಡವೇ ಬೇಡ.