ಕಸ್ಟಮರ್ ಕೇರ್ ಕೆಲ್ಸ ನಂಗೆ ಆಗಿಬರುತ್ತಾ ಅಂತ ಸೇರೋಕ್ ಮುಂಚೇನೇ ಹೆಂಗ್ ತಿಳ್ಕೊಳ್ಳೋದು?

ಮುಳಬಾಗಿಲು ದೋಸೆ:
ಎಲ್ರಿಗೂ ನಮಸ್ಕಾರ. ಕೋಲಾರದಲ್ಲಿ ಬಿಕಾಂ ಮುಗ್ಸಿ ಮನೇಲಿದೀನಿ. ವೈಟ್‌ಫೀಲ್ಡ್‌ನಲ್ಲಿ ಒಂದ್ ಕಡೆ ವಾಯ್ಸ್ ಪ್ರೋಸೆಸ್‌ಗೆ, ಅಂದ್ರೆ ಫೋನಲ್ಲಿ ಕಸ್ಟಮರ್ ಜೊತೆ ಮಾತಾಡೋ ಕೆಲ್ಸಕ್ಕೆ, ಸೆಲೆಕ್ಟ್ ಆಗಿದೆ, ಕನ್ನಡ ತೆಲುಗು ಎರಡೂ ನೀರು ಕುಡ್ದಂಗೆ ಬರುತ್ತೆ ಅಂತ ಇಂಟರ್‌ವ್ಯೂನಲ್ಲೇ ಖುಷಿ ಪಟ್ರು. ಅಪ್ಪ ‘ವಟವಟ ಅಂತಾನೇ ಇರ್ತೀಯ, ನಿಂಗೆ ಹೇಳಿ ಮಾಡ್ಸಿದ್ ಕೆಲ್ಸ’ ಅಂತಾರೆ. ಇದೇ ಲೈನ್‌ಗೆ ಸೇರಿ ಬಿಟ್ಟು ಬಂದಿರೋ ಫ್ರೆಂಡ್ ಒಬ್ಳು ಬೇಡ್ವೇ ಬೇಡ ಅಂತಾಳೆ. ಮಾತಾಡೋದು ಇಷ್ಟಾನೇ, ಆದ್ರೆ ಯಾರಾದ್ರೂ ಏರುದನೀಲಿ ಅಂದ್ಬಿಟ್ರೆ ರಾತ್ರಿಯೆಲ್ಲ ಅದೇ ತಲೇಲಿ ಓಡ್ತಿರುತ್ತೆ. ನನ್ನಂಥವ್ರಿಗೆ ಇದು ಆಗುತ್ತಾ?

ಶಿರಾಗೇಟ್ ಶಿಫ್ಟು:
ತಂಗ್ಯಮ್ಮ, ತುಮಕೂರಿಂದ ಬರೀತಿದೀನಿ, ಮೊದ್ಲು ಕಾಲ್ ತಗೊಂಡು ಆಮೇಲೆ ಟಿಎಲ್ (ಟೀಮ್ ಲೀಡರ್) ಆಗಿದ್ದೋನು. ವಟವಟ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. ನಮ್ ಫ್ಲೋರ್‌ನಲ್ಲಿ ಜಾಸ್ತಿ ಮಾತಾಡೋರೇ ಮೊದ್ಲು ಸಿಕ್ಕಾಕೊಳ್ತಿದ್ದಿದ್ದು, ಯಾಕಂದ್ರೆ ಎಎಚ್‌ಟಿ ಅಂತ ಒಂದೈತೆ, ಒಂದು ಕಾಲ್‌ಗೆ ಸರಾಸರಿ ಎಷ್ಟು ಹೊತ್ತು ತಗೊಂಡೆ ಅನ್ನೋ ಲೆಕ್ಕ, ಹೋಲ್ಡ್ ಹಾಕಿದ್ದು ಕಾಲ್ ಆದ್ಮೇಲೆ ನೋಟ್ಸ್ ಟೈಪ್ ಮಾಡಿದ್ದು ಎಲ್ಲಾ ಅದ್ರೊಳ್ಗೇ ಬರುತ್ತೆ. ಬೇಕಾಗಿರೋದು ಕೇಳೋ ಕಿವಿ, ಕೇಳ್ತಾ ಕೇಳ್ತಾನೇ ಟೈಪ್ ಮಾಡೋ ಕೈ.

ಬೈಗುಳ ದೊಡ್ಡ ವಿಷ್ಯ ಅಲ್ಲ, ಅದು ಒಗ್ಗುತ್ತೆ. ಒಗ್ಗದೇ ಇರೋದು ಯಾವ್ದು ಅಂದ್ರೆ ಕಸ್ಟಮರ್ ಹೇಳ್ತಿರೋದು ನ್ಯಾಯ ಅಂತ ನಿಂಗೇ ಗೊತ್ತಿರುತ್ತೆ, ಆದ್ರೆ ನಿನ್ ಕೈಲಿ ಏನೂ ಇರಲ್ಲ. ರೀಫಂಡ್ ಪಾಸ್ ಮಾಡೋ ಟೀಮೇ ಬೇರೆ, ನೀನು ಟಿಕೆಟ್ ರೈಸ್ ಮಾಡಿ, ಅಂದ್ರೆ ಕಂಪ್ಲೇಂಟ್ ಸಿಸ್ಟಮ್‌ನಲ್ಲಿ ಹಾಕಿ, ಕಾಯ್ರಿ ಸಾರ್ ಅನ್ಬೇಕು ಅಷ್ಟೇ, ನಾಳೆ ಅದೇ ಮನ್ಷ ವಾಪಸ್ ಫೋನ್ ಮಾಡಿದ್ರೆ ಬೈಸ್ಕೊಳ್ಳೋದು ಇನ್ನೊಬ್ಬ. ಮಳೆಗಾಳಿಗೆ ಕರೆಂಟ್ ಹೋದಾಗ 1912ಕ್ಕೆ ಫೋನ್ ಹಾಕಿ ನಾವೇ ಕೂಗಾಡ್ತೀವಲ್ಲ, ಆ ಕಡೆ ಕೂತಿರೋರೇನು ಕಂಬ ಹತ್ತೋರಾ? ನಮ್ ಬ್ಯಾಚ್‌ನಲ್ಲಿ ಬಿಟ್ಟು ಹೋದೋರು ಸುಮಾರು ಜನ ಹೋಗಿದ್ದು ಇದ್ಕೇನೇ, ಸಂಬ್ಳಕ್ಕಲ್ಲ. ಇನ್ನೊಬ್ರು ಮಾಡಿದ ರೂಲ್ಸ್‌ನ ನಿನ್ ಬಾಯಲ್ಲಿ ಹೇಳೋಕಾಗುತ್ತಾ, ಅದನ್ನ ಕೇಳ್ಕೋ.

ಚಿಂತಾಮಣಿ ಚಾಟು:
ಮೇಲಿನ ಅಣ್ಣ ಹೇಳಿದ್ರಲ್ಲಿ ಅರ್ಧ ಒಪ್ತೀನಿ, ಬೈಗುಳ ಎಲ್ರಿಗೂ ಒಗ್ಗಲ್ಲ ಅಣ್ಣಾ. ನಂಗೆ ಒಗ್ಗಲೇ ಇಲ್ಲ, ಅದ್ಕೇ ವಾಯ್ಸ್ ಬಿಟ್ಟು ಚಾಟ್‌ಗೆ ಬಂದೆ, ಇಲ್ಲಿ ಫೋನಿಲ್ಲ, ಕಸ್ಟಮರ್‌ಗೆ ಟೈಪ್ ಮಾಡಿ ಉತ್ರ ಕೊಡೋದು. ಒಂದೇ ಟೈಮಲ್ಲಿ ಎರಡ್ಮೂರು ಚಾಟ್ ಓಪನ್ ಇರುತ್ತೆ, ತಲೆ ಗಿರ್ರನ್ನುತ್ತೆ, ಆದ್ರೆ ಬೈದಿದ್ದು ಅಕ್ಷರದಲ್ಲಿರುತ್ತೆ ದನೀಲಿರಲ್ಲ, ವಿಂಡೋ ಕ್ಲೋಸ್ ಮಾಡಿದ್ರೆ ಮುಗೀತು. ಅಲ್ಲಿ ಸ್ಪೆಲ್ಲಿಂಗು ಗ್ರಾಮರ್ ನೋಡ್ತಾರೆ, ಇಂಗ್ಲಿಷ್ ಸ್ವಲ್ಪ ಗಟ್ಟಿ ಇರ್ಬೇಕು.

ಆ ಆನ್‌ಲೈನ್ ಪರ್ಸನಾಲಿಟಿ ಟೆಸ್ಟ್‌ಗಳನ್ನ ನಂಬ್ಬೇಡ. ಗೊತ್ತಿರೋರ ಸೈಬರ್ ಸೆಂಟರ್ ಇದ್ರೆ ಒಂದ್ ವಾರ ಹೋಗಿ ಕೂತ್ಕೋ. ರೇಷನ್ ಕಾರ್ಡ್, ಪಹಣಿ, ಆಧಾರ್ ಲಿಂಕು, ಜನ ಕ್ಯೂನಲ್ಲಿ ನಿಂತಿರ್ತಾರೆ, ಸರ್ವರ್ ಇರಲ್ಲ, ಅದನ್ನ ಅವ್ರಿಗೆ ಹೇಳ್ಬೇಕಾಗಿರೋಳು ನೀನು. ಸಾಯಂಕಾಲ ಮನೆಗೆ ಬಂದ್ಮೇಲೆ ಊಟ ಸೇರುತ್ತಾ ನೋಡ್ಕೋ.

ಬಂಗಾರಪೇಟೆ ಪಾನಿಪುರಿ:
ಮನ್ಸಿನ್ ವಿಚಾರ ಅವ್ರಿಬ್ರೂ ಹೇಳಿದಾರೆ, ನಾನು ದುಡ್ಡಿನ್ ಲೆಕ್ಕ ಹೇಳ್ತೀನಿ. ಸಿಟಿಸಿ, ಅಂದ್ರೆ ಕಂಪ್ನಿ ನಿನ್ ಮೇಲೆ ಮಾಡೋ ಒಟ್ಟು ಖರ್ಚು, ಅದನ್ನ ನೋಡಿ ಕುಣೀಬೇಡ, ಕೈಗೆಷ್ಟು ಬರುತ್ತೆ ಅಂತ ಕೇಳು. ಬೇಸಿಕ್ ಮೇಲೆ 12% ನಿನ್ ಪಿಎಫ್ ಕಟ್ ಆಗುತ್ತೆ, ಕಂಪ್ನಿ ಹಾಕೋ ಪಿಎಫ್ಫೂ ಸಿಟಿಸಿ ಒಳ್ಗೇ ಸೇರ್ಸಿರ್ತಾರೆ. ಸಂಬ್ಳ ತಿಂಗ್ಳಿಗೆ 21,000 ಒಳ್ಗಿದ್ರೆ ಇಎಸ್‌ಐ ಬರುತ್ತೆ, ನಿನ್ ಕಡೆಯಿಂದ ಬರೀ 0.75%, ಅದು ಹೋದ್ರೆ ಹೋಗ್ಲಿ, ಆಸ್ಪತ್ರೆ ಖರ್ಚಿಗೆ ಆಗುತ್ತೆ. ಕನ್ನಡ ತೆಲುಗು ಪ್ರೋಸೆಸ್ ಅಂದ್ರೆ ಕಸ್ಟಮರ್‌ಗಳು ನಮ್ ಕಡೆಯವ್ರೇ, ಅಮೆರಿಕದ್ ಟೈಮಿಗೆ ರಾತ್ರಿಯೆಲ್ಲ ಕೂರೋ ಕಥೆ ಕಮ್ಮಿ, ಆದ್ರೂ ರೊಟೇಷನ್ ಇದ್ಯಾ, ಭಾನುವಾರ ಹಬ್ಬ ಲಾಗಿನ್ ಇದ್ಯಾ ಕೇಳು. ಕ್ಯಾಬ್ ಎಲ್ಲೀವರ್ಗೂ ಬಿಡುತ್ತೆ ಅನ್ನೋದನ್ನೂ ಕೇಳು, ಹೊಸಕೋಟೆ ದಾಟಿ ಬರೋದು ಡೌಟು. ನಾನು ಬಂಗಾರಪೇಟೆಯಿಂದ ಟ್ರೈನಲ್ಲಿ ವೈಟ್‌ಫೀಲ್ಡ್‌ಗೆ ಓಡಾಡ್ದೋನು, ಶಿಫ್ಟ್ ಬದ್ಲಾದ್ರೆ ಪಾಸು ಜೇಬಲ್ಲೇ ಕೊಳೀಬೇಕು. ನಿಂಗಂತೂ ಮುಳಬಾಗಿಲಿಂದ ದಿನಾ ಬಸ್ಸಲ್ಲಿ ಆಗೋ ಮಾತಲ್ಲ, ಪಿಜಿ ಬಾಡಿಗೆ ಕಳ್ದು ಎಷ್ಟು ಉಳಿಯುತ್ತೆ ನೋಡು.

ಮುಳಬಾಗಿಲು ದೋಸೆ:
ಥ್ಯಾಂಕ್ಸ್ ಎಲ್ರಿಗೂ. ನಮ್ ಮಾಮಂದೇ ಜೆರಾಕ್ಸ್ ಅಂಗ್ಡಿ ಇದೆ, ಆನ್‌ಲೈನ್ ಅರ್ಜಿನೂ ಹಾಕ್ತಾರೆ, ಅಲ್ಲಿ ಕೂತ್ ನೋಡ್ತೀನಿ ಅಕ್ಕ. ಆಫರ್‌ಗೆ ಸ್ವಲ್ಪ ಟೈಮ್ ಕೇಳಿದೀನಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಿ ಅಂತಿದಾರೆ, ಕೊಡ್ಬೋದಾ?

ಶಿರಾಗೇಟ್ ಶಿಫ್ಟು:
ತೋರ್ಸು, ಕೊಡ್ಬೇಡ. ಜೆರಾಕ್ಸ್ ಸಾಕು. ಚಾಟ್ ಪ್ರೋಸೆಸ್‌ನಲ್ಲಿ ಜಾಗ ಐತಾ ಅಂತಾನೂ ಎಚ್ಆರ್‌ಗೆ ಈಗ್ಲೇ ಮೇಲ್ ಹಾಕು, ಸೇರಿದ್ಮೇಲೆ ಕೇಳಿದ್ರೆ ಕಿವಿಗೇ ಹಾಕ್ಕೊಳ್ಳಲ್ಲ.